ಬನದಕಟ್ಟಿಯ ಪ್ರಶಾಂತ ಶಾಲೆ

ಅಭಿನಂದನೆ ಹೇಳಿ ಕೆಲಸದಿಂದ ತೆಗೆಯುವ ಪತ್ರವನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ಛಟ್ಟಿ ಅಮಾವಾಸ್ಯೆ ಮುಗಿದು ಮೂರನೇ ದಿನ, ಸೋಮವಾರ, ನಮ್ಮ ಹೆಡ್ ಮಾಸ್ತರ ಕಾಡಪ್ಪ ಸರ್ ಅದನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ಬನದಕಟ್ಟಿಯ ಸರಕಾರಿ ಪ್ರೌಢಶಾಲೆಯ ಮಕ್ಕಳು ಸತತ ಎರಡು ಅವಧಿಯಲ್ಲಿ ‘ಪ್ರಶಾಂತ’ ಎಂದು ದಾಖಲಾಗಿದ್ದಾರಂತೆ. ಅದಕ್ಕಾಗಿ ಶಾಲೆಗೆ ಒಂದು ಫಲಕ. ಮುಂದಿನ ಸೋಮವಾರ ‘ಮನೋಬಲ’ ಯೋಜನೆಯ ನಿರ್ದೇಶಕರೇ ಬಂದು ಕೊಡುತ್ತಾರಂತೆ. ಕೊನೆಯ ಸಾಲಿನಲ್ಲಿ, ಈ ಶಾಲೆಗೆ ಇನ್ನು ಆಪ್ತ ಸಮಾಲೋಚಕಿಯ ಅಗತ್ಯ ಇಲ್ಲದ ಕಾರಣ ಸದರಿ ಅನುದಾನವನ್ನು ತಿಂಗಳ ಕೊನೆಗೆ ಹಿಂಪಡೆಯಲಾಗುವುದು ಎಂದಿತ್ತು.

ಸದರಿ ಆಪ್ತ ಸಮಾಲೋಚಕಿ ನಾನೇ. ಹೆಸರು ಪ್ರಮೀಳಾ ಗೊಂಬಿ. ಸಿಟ್ಟು ಸ್ವಲ್ಪ ಜಾಸ್ತಿ ಎಂದು ನಮ್ಮವ್ವ ಹೇಳುತ್ತಿದ್ದಳು, ಸ್ವಲ್ಪ ಅಲ್ಲ.

ಮಕ್ಕಳ ಕೈಗೆ ಕಟ್ಟುವ ಪಟ್ಟಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ‘ಮನೋಬಲ’ ಯೋಜನೆ ಬಂದಾಗ ರಾಜ್ಯದ ಪ್ರತಿ ಶಾಲೆಯ ಪ್ರತಿ ಮಗುವಿನ ಮಣಿಕಟ್ಟಿಗೆ ಒಂದು ಬೂದು ಬಣ್ಣದ ಪಟ್ಟಿ ಬಂತು. ಅದರೊಳಗೆ ತೆಳ್ಳಗಿನ ಒಂದು ಪದರ. ಚರ್ಮದ ಕೆಳಗೆ ನಾಡಿ ಮಿಡಿದಾಗ ಆಗುವ ಸಣ್ಣ ಅಲುಗಾಟವನ್ನು ಅದು ಹಿಡಿಯುತ್ತದೆ. ಮನಸ್ಸು ತಳಮಳಿಸಿದರೆ ಮಿಡಿತದ ಲಯ ಹೇಗೆ ಕೆಡುತ್ತದೆ ಎಂಬುದನ್ನು ಲಕ್ಷಗಟ್ಟಲೆ ಮಕ್ಕಳಿಂದ ಕಲಿತಿದೆ. ಪಟ್ಟಿ ಕೈ ಮೇಲೆ ಇದೆಯೋ ಮೇಜಿನ ಮೇಲೆ ಇದೆಯೋ ಎಂಬುದನ್ನು ಮೈ ಬಿಸಿಯಿಂದ ತಿಳಿದುಕೊಳ್ಳುತ್ತದೆ. ದಿನಕ್ಕೊಮ್ಮೆ ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತದೆ. ಐವತ್ತರ ಮೇಲೆ ಹೋದರೆ ಕೆಂಪು, ಮೂವತ್ತರ ಕೆಳಗಿದ್ದರೆ ಹಸಿರು, ನಡುವೆ ಹಳದಿ. ಅನುದಾನ ಕಡಿಮೆ ಇದೆ, ದುಃಖ ಎಲ್ಲಿದೆಯೋ ಅಲ್ಲಿಗೆ ಮಾತ್ರ ಕೊಡೋಣ ಎಂಬುದು ಲೆಕ್ಕಾಚಾರ. ಕೇಳಲು ಚೆನ್ನಾಗಿಯೇ ಇದೆ. ನಾನೂ ಮೊದಲ ವರ್ಷ ನಂಬಿದ್ದೆ. ನಮ್ಮ ಶಾಲೆಯ ಸರಾಸರಿ ಇಪ್ಪತ್ತೆರಡು.

ನನ್ನ ಕೋಣೆ ಮೊದಲು ಆಟದ ಸಾಮಾನು ಇಡುವ ಕೋಣೆಯಾಗಿತ್ತು. ಅಲ್ಲಿ ಒಂದು ಚಾಪೆ, ಒಂದು ಕೊಡ ನೀರು, ಕಂಡಿಕೆ ಸುತ್ತುವ ಒಂದು ಹಳೆಯ ರಾಟೆ. ಯೋಜನೆಯ ಕೈಪಿಡಿಯಲ್ಲಿ ರಾಟೆ ಇಲ್ಲ. ಎದುರು-ಬದುರು ಕುರ್ಚಿ ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಬೇಕು ಎಂದಿದೆ. ಮಗ್ಗದ ಊರಿನ ಮಗುವನ್ನು ಹಾಗೆ ಕೂರಿಸಿ ನೋಡಿ, ತುಟಿ ಬಿಚ್ಚುವುದಿಲ್ಲ. ಅದೇ ಮಗುವಿನ ಕೈಗೆ ನೂಲು ಕೊಡಿ. ಲಾಳಿಯೊಳಗೆ ಕೂರುವ ಆ ಸಣ್ಣ ಕಂಡಿಕೆಗೆ ನೂಲು ಸುತ್ತುತ್ತಾ ಸುತ್ತುತ್ತಾ, ನಮ್ಮ ಮುಖ ನೋಡದೆ, ಎಲ್ಲವನ್ನೂ ಹೇಳುತ್ತದೆ. ನಮ್ಮ ಮನೆಗಳಲ್ಲಿ ಅತ್ತೆ-ಸೊಸೆಯರ ಜಗಳದಿಂದ ಹಿಡಿದು ಮದುವೆ ಮಾತುಕತೆಯವರೆಗೆ ಎಲ್ಲವೂ ನಡೆಯುವುದು ರಾಟೆಯ ಮುಂದೆಯೇ.

ರಾಟೆಯ ಮುಂದೆ ಕೂತೂ ಮಾತಾಡದವಳು ಒಬ್ಬಳೇ, ಶಾಕಂಬರಿ. ಒಂಬತ್ತನೇ ತರಗತಿ. ತಾಯಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ತಂದೆ ಪರಪ್ಪನ ಮನೆಯಲ್ಲೇ ನಾಲ್ಕು ವಿದ್ಯುತ್ ಮಗ್ಗ. ದಿನಾ ಊಟದ ಬಿಡುವಿನಲ್ಲಿ ಬರುವಳು, ಉದ್ದ ತೋಳಿನ ಸ್ವೆಟರ್ ತೆಗೆಯದೆ ಕೂತು ಸುತ್ತುವಳು, ಗಂಟೆ ಹೊಡೆದರೆ ಹೋಗುವಳು. ಮನೆಯಿಂದ ತಂದ ಬುತ್ತಿ ಬಿಚ್ಚುತ್ತಿರಲಿಲ್ಲ. ಸ್ನೇಹಿತೆಯರನ್ನು ಬಿಟ್ಟಿದ್ದಳು. ಒಂದು ಸಲ ತನ್ನ ಪುಸ್ತಕಗಳನ್ನೆಲ್ಲ ಪಕ್ಕದ ಹುಡುಗಿಗೆ ಕೊಟ್ಟುಬಿಟ್ಟಿದ್ದಳು. ನನಗೆ ಅದು ಭಯ ಹುಟ್ಟಿಸಿತ್ತು. ಆದರೆ ಅವಳ ಅಂಕ ಹದಿನಾಲ್ಕು, ಇಡೀ ಶಾಲೆಯಲ್ಲಿ ಎಲ್ಲಕ್ಕಿಂತ ಕಡಿಮೆ, ಹಚ್ಚ ಹಸಿರು.

ಮಂಗಳವಾರ ನಾನು ಅವಳಿಗೆ ಪತ್ರದ ವಿಷಯ ಹೇಳಿದೆ. ಮಕ್ಕಳಿಗೆ ಸುಳ್ಳು ಹೇಳಿ ಮಾಯವಾಗುವುದು ನನ್ನಿಂದ ಆಗದು.

ರಾಟೆ ನಿಂತಿತು. “ಈ ಕ್ವಾಣಿ ಮುಚ್ತೀರೇನ್ರಿ ಅಕ್ಕಾರ?”

“ನಾ ಮುಚ್ಚಂಗಿಲ್ಲವಾ, ಅವರು ಮುಚ್ಚಸ್ತಾರ.”

“ಮತ್ತ ಅಮಾಸಿಗೆ ಎಲ್ಲಿ ಹೋಗೂದ್ರಿ?”

“ಅಮಾಸಿಗೇ ಯಾಕ?”

“ಅವತ್ತ ಮಗ್ಗ ನಿಂತಿರ್ತಾವಲ್ರಿ,” ಎಂದು ನೂಲನ್ನು ಬೆರಳಿಗೆ ಸುತ್ತಿಕೊಂಡಳು. “ಸಪ್ಪಳ ಇದ್ರ ಹೆಂಗರ ದಿನಾ ಹೋಗ್ತೈತಿ. ಮಗ್ಗ ನಿಂತ್ರ ಅವ್ವ ನೆನಪಾಗ್ತಾಳ.”

ಮೂರು ವಾರದಲ್ಲಿ ಅವಳು ಆಡಿದ ಮೊದಲ ಮಾತು ಅದು. ಅವಳು ಹೋದ ಮೇಲೆ ನಾನು ನನ್ನ ಹಾಜರಿ ಪುಸ್ತಕ ತೆಗೆದೆ. ಬನದಕಟ್ಟಿಯಲ್ಲಿ ಅಮಾವಾಸ್ಯೆಗೆ ಒಂದೂ ಮಗ್ಗ ನಡೆಯುವುದಿಲ್ಲ, ಅಜ್ಜ-ಮುತ್ತಜ್ಜರ ಕಾಲದಿಂದ ಬಂದ ಪದ್ಧತಿ. ಮಿಕ್ಕ ದಿನ ನನ್ನ ಕೋಣೆಗೆ ನಾಲ್ಕೈದು ಮಕ್ಕಳು ಬಂದರೆ ಅಮಾವಾಸ್ಯೆಗೆ ಇಪ್ಪತ್ತು, ಇಪ್ಪತ್ತೈದು. ಎರಡು ವರ್ಷವೂ ಹಾಗೆಯೇ. ನಾನೇ ಬರೆದ ಪುಸ್ತಕ, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆಮೇಲೆ ಪಟ್ಟಿಯ ದಾಖಲೆ ತೆಗೆದು ನೋಡಿದೆ. ಪ್ರತಿ ಅಮಾವಾಸ್ಯೆಯ ಮುಂದೆ ಅಂಕ ಇಲ್ಲ. ‘ದೋಷ, ಕೈಬಿಡಲಾಗಿದೆ’ ಎಂದಿತ್ತು.

ಬುಧವಾರ ರಜೆ ಹಾಕಿ ಧಾರವಾಡದ ಬಸ್ಸು ಹತ್ತಿದೆ.

ಯೋಜನೆಯ ನಿಗಾ ಕೇಂದ್ರ ಮೂರನೇ ಮಹಡಿಯಲ್ಲಿತ್ತು. ಚಪ್ಪಲಿ ಹೊರಗೆ ಬಿಡಿಸಿದರು. ಒಳಗೆ ಗೋಡೆ ತುಂಬ ಪರದೆ, ಪರದೆ ತುಂಬ ಸಣ್ಣ ದೀಪ, ಒಂದೊಂದು ದೀಪ ಒಂದೊಂದು ಮಗು. ಅಲ್ಲಿನ ಎಂಜಿನಿಯರ್ ಪ್ರಹ್ಲಾದ ಇನಾಮದಾರ ಒಳ್ಳೆಯ ಮನುಷ್ಯ, ನನಗೆ ಚಹಾ ತರಿಸಿಕೊಟ್ಟ. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಭಾರಿ ಕಷ್ಟ, ಆದರೂ ಮಾಡಿದೆ.

“ಅಮಾವಾಸಿ ದಿನದ ಅಂಕ ಎಲ್ಲಿ ಹೋದ್ವು?”

ಆತ ಗೆರೆಯ ಚಿತ್ರ ತೆಗೆದು ತೋರಿಸಿದ. ತಿಂಗಳಿಡೀ ನೆಲಕ್ಕೆ ಅಂಟಿಕೊಂಡ ಗೆರೆ ಒಂದು ದಿನ ಮಾತ್ರ ಗಕ್ಕನೆ ಮೇಲೆದ್ದು ಎಪ್ಪತ್ತು ಮುಟ್ಟಿ ಮತ್ತೆ ಬೀಳುತ್ತಿತ್ತು. “ಇದನ್ನ ಯಂತ್ರನ ತೆಗೆದು ಹಾಕ್ತದ ಮೇಡಂ. ಮುನ್ನೂರು ಮಕ್ಕಳು ಒಂದೇ ದಿನ ದುಃಖ ಮಾಡಲಿಕ್ಕೆ ಸಾಧ್ಯ ಇಲ್ಲ ನೋಡ್ರಿ. ಸಿಗ್ನಲ್ ತೊಂದರಿ ಅದು.”

“ಆ ದಿನ ನಮ್ಮೂರಾಗ ಮಗ್ಗ ನಿಂತಿರ್ತಾವ.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಶಾಲಿ ಸುತ್ತ ಎಂಟುನೂರು ಮಗ್ಗ ಅದಾವ. ನೆಲ ನಡಗತೈತಿ, ಬೆಂಚು ನಡಗತೈತಿ, ಹುಡುಗರ ಎಲುಬು ನಡಗತಾವ. ನಿಮ್ಮ ಪಟ್ಟಿ ನಡುಕ ತಾನ ಓದೂದು? ಅದು ಮಕ್ಕಳ ನಾಡಿ ಓದಾಕತ್ತಿಲ್ಲ, ನಮ್ಮ ಮಗ್ಗ ಓದಾಕತ್ತೈತಿ. ಮಗ್ಗ ಲಯ ತಪ್ಪಂಗಿಲ್ಲ, ಅದಕ್ಕ ನಿಮಗ ಎಲ್ಲಾರೂ ಪ್ರಶಾಂತ. ಅಮಾಸಿಗೆ ಮಗ್ಗ ನಿಂತಾಗ ಮಾತ್ರ ಮಕ್ಕಳು ಕಾಣಸ್ತಾರ. ಆ ಒಂದ ದಿನಾನ ನೀವು ಅಳಿಸ್ತೀರಿ.”

ಆತ ಆ ಗೆರೆಯನ್ನು ಹಿಗ್ಗಿಸಿ ನೋಡಿದ. “ಆಸಕ್ತಿಕರ ಅದ,” ಎಂದ. ಒಂದು ಅಧ್ಯಯನ ಪ್ರಸ್ತಾವ ಬರೆದುಕೊಡಿ, ಪರಿಶೀಲನೆಗೆ ಎರಡು ವರ್ಷ ಆದೀತು ಎಂದ. ನಾನು ಹಾಜರಿ ಪುಸ್ತಕ ಮುಂದಿಟ್ಟೆ. “ಇದು ನಿಮ್ಮ ಅನಿಸಿಕೆ ಮೇಡಂ, ದತ್ತಾಂಶ ಅಲ್ಲ. ಪಟ್ಟಿ ಮನುಷ್ಯರ ಕೈ ಬಿಟ್ಟು ಬೇರೆ ಏನನ್ನೂ ಓದೂದಿಲ್ಲ ಅಂತ ಪ್ರಮಾಣಪತ್ರ ಅದ.”

ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಶಾಕಂಬರಿಯ ಮುಚ್ಚಿದ ಬುತ್ತಿಯದೇ ಯೋಚನೆ. ನನ್ನ ಹುದ್ದೆ ಹೋದರೆ ಇನ್ನೊಂದು ಸಿಕ್ಕೀತು. ಅವಳು ಊಟದ ಬಿಡುವಿನಲ್ಲಿ ಎಲ್ಲಿ ಕೂರುತ್ತಾಳೆ?

ಇಳಿದವಳೇ ಸೀದಾ ಪರಪ್ಪನ ಮನೆಗೆ ಹೋದೆ. ಸಂಜೆಯ ಹೊತ್ತು. ಆ ಮನೆಯಲ್ಲಿ ಅಡುಗೆಮನೆಗೂ ಮಗ್ಗದ ಪಡಸಾಲೆಗೂ ನಡುವೆ ಅರ್ಧ ಗೋಡೆ ಮಾತ್ರ. ನಾಲ್ಕೂ ಮಗ್ಗ ಖಟಖಟ ಬಡಿಯುತ್ತಿದ್ದವು. ಪರಪ್ಪ ಕೂಗಿಯೇ ಮಾತಾಡಿದ, ಅಲ್ಲಿ ಎಲ್ಲರೂ ಹಾಗೆಯೇ ಮಾತಾಡುವುದು.

“ಬರ್ರಿ ಅಕ್ಕಾರ, ಕುಂದರ್ರಿ. ನಮ್ಮ ಹುಡುಗಿ ಏನರ ತಪ್ಪ ಮಾಡ್ಯಾಳೇನ್ರಿ?”

“ಏನೂ ಮಾಡಿಲ್ಲ. ಹೆಂಗದಾಳ ಅಂತ ಕೇಳಾಕ ಬಂದೆ.”

“ಚೊಲೋ ಅದಾಳ್ರಿ,” ಎಂದು ಫೋನು ತೆಗೆದು ತೋರಿಸಿದ. ಪಟ್ಟಿಯ ಹಸಿರು ದೀಪ. “ದಿನಾ ಸಂಜಿಗೆ ನೋಡ್ತೀನ್ರಿ. ಒಂದಿನಾನೂ ಹಳದಿ ಆಗಿಲ್ಲ. ಅವರವ್ವ ಹೋದಾಗ ಭಾಳ ಹೆದರಿದ್ದೆ. ದೇವರು ದೊಡ್ಡಾವ, ಹುಡುಗಿ ಗಟ್ಟಿ ಅದಾಳ.”

ಶಾಕಂಬರಿ ಚಹಾದ ತಟ್ಟೆ ಹಿಡಿದು ಅರ್ಧ ಗೋಡೆಯ ಹಿಂದೆ ನಿಂತಿದ್ದಳು. ಸ್ವೆಟರ್ ತೋಳು ಮೇಲಕ್ಕೆ ಸರಿದಿತ್ತು. ಮಣಿಕಟ್ಟು ಬರಿದಾಗಿತ್ತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವಳು ನೋಡಿದಳು. ಮಕ್ಕಳ ಗುಟ್ಟನ್ನು ಮನೆಯವರ ಮುಂದೆ ನಾನಾಗಿ ಬಿಚ್ಚುವುದಿಲ್ಲ, ಅದು ನನ್ನ ಕೆಲಸದ ನೇಮ. ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ನನಗೆ ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಅವಳೇ ತಟ್ಟೆ ಕೆಳಗಿಟ್ಟು ಮೂರನೇ ಮಗ್ಗದ ಹತ್ತಿರ ಹೋದಳು. ಬಗ್ಗಿ, ಮೋಟಾರಿನ ಬೆಚ್ಚಗಿನ ಮೈಗೆ ಸುತ್ತಿ ಕಟ್ಟಿದ್ದ ಬೂದು ಪಟ್ಟಿಯನ್ನು ಬಿಚ್ಚಿ ತಂದು ಅಪ್ಪನ ಮುಂದೆ ಇಟ್ಟಳು.

“ದಸರಾದಿಂದ ಅಲ್ಲೇ ಐತಪಾ. ನಾ ಕಟ್ಟಿಕೊಂಡೇ ಇಲ್ಲ.”

ಪರಪ್ಪನಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ಪಟ್ಟಿ ನೋಡಿದ, ಫೋನು ನೋಡಿದ. ಎರಡು ತಿಂಗಳಿಂದ ಅವನು ದಿನಾ ಸಂಜೆ ನೋಡಿ ನೆಮ್ಮದಿಪಟ್ಟದ್ದು ತನ್ನದೇ ಮಗ್ಗದ ಆರೋಗ್ಯ.

“ಯಾಕವಾ?” ಎಂದ. ಸಪ್ಪಳದಲ್ಲಿ ಅದು ಕೇಳಲೂ ಇಲ್ಲ, ತುಟಿ ಅಲುಗಿದ್ದು ಕಂಡಿತು ಅಷ್ಟೆ.

“ನೀ ಅದನ್ನ ನೋಡ್ತಿದ್ದಿ. ನನ್ನ ನೋಡ್ತಿದ್ದಿಲ್ಲ.”

ಪರಪ್ಪ ಎದ್ದು ಹೋಗಿ ಒಂದೊಂದಾಗಿ ನಾಲ್ಕೂ ಮಗ್ಗ ನಿಲ್ಲಿಸಿದ. ಅಮಾವಾಸ್ಯೆ ಅಲ್ಲದ ದಿನ ಆ ಮನೆಯಲ್ಲಿ ಅಂಥ ಮೌನ ಆಗಿದ್ದು ಅದೇ ಮೊದಲಿರಬೇಕು. “ಹಸಿರೈತಿ ಅಂತ ನಾ ನಿನ್ನ ಮಾತಾಡ್ಸಲೇ ಇಲ್ಲಲ್ಲವಾ,” ಎಂದು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡ. ಅವಳು ಹನ್ನೊಂದು ತಿಂಗಳ ಅಳುವನ್ನೆಲ್ಲ ಅಲ್ಲೇ ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ. ಮಗಳು ಹಸಿರು ಎಂಬ ಚೀಟಿಗೆ ತಿಂಗಳು ತಿಂಗಳು ಸಹಿ ಮಾಡಿ ಅವನ ಮನೆಗೆ ಕಳಿಸಿದವಳು ನಾನೇ ಅಲ್ಲವೇ.

ಅತ್ತು ಮುಖ ತೊಳೆದು ಬಂದ ಮೇಲೆ ಶಾಕಂಬರಿ ಒಂದು ಮಾತು ಹೇಳಿದಳು. “ಎಲ್ಲಾರೂ ಕಟ್ಟೂಣೇನ್ರಿ ಅಕ್ಕಾರ, ಮಗ್ಗಕ್ಕ?”

ಪರಪ್ಪ ಅದೇ ದಿನ ಓಣಿಯವರನ್ನು ಕರೆದು ಹಸಿರು ದೀಪದ ಕಥೆ ಹೇಳಿದ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ. ಒಬ್ಬೊಬ್ಬರೇ ಮನೆಗೆ ಹೋಗಿ ತಮ್ಮ ತಮ್ಮ ಮಕ್ಕಳ ಮುಂದೆ ಕೂತರಂತೆ.

ಸೋಮವಾರ ಶಾಲೆಯ ಅಂಗಳದಲ್ಲಿ ಶಾಮಿಯಾನ. ನಿರ್ದೇಶಕಿ ಬಿಳಿ ಕಾರಿನಲ್ಲಿ ಬಂದರು, ಹಿಂದೆಯೇ ಇನಾಮದಾರ ಆಯಾ ಗಳಿಗೆಯ ಅಂಕ ತೋರಿಸುವ ದೊಡ್ಡ ಪರದೆ ತಂದ. ಕಾಡಪ್ಪ ಸರ್‌ಗೆ ನಾನು ಬೆಳಿಗ್ಗೆಯೇ ಎಲ್ಲ ಹೇಳಿದ್ದೆ. “ನಂದು ಇನ್ನ ಒಂಬತ್ತ ತಿಂಗಳ ಸರ್ವಿಸ್ ಉಳದೈತ್ರಿ ಮೇಡಂ,” ಎಂದವರು ಮಧ್ಯಾಹ್ನದವರೆಗೆ ಬೆವರು ಒರೆಸಿಕೊಂಡರು. ಆದರೆ ಬಾಯಿ ಬಿಡಲಿಲ್ಲ. ಅವರ ಋಣ ನನ್ನ ಮೇಲಿದೆ.

ಮುನ್ನೂರ ಹನ್ನೆರಡು ಮಕ್ಕಳೂ ತೋಳು ಇಳಿಬಿಟ್ಟು ಸಾಲಾಗಿ ಕೂತಿದ್ದರು. ಹಿಂದೆ ತಂದೆ-ತಾಯಿ. ಸುತ್ತ ಎಂಟುನೂರು ಮಗ್ಗದ ಸಪ್ಪಳ ಎಂದಿನಂತೆ. ಪರದೆಯ ಮೇಲೆ ಮುನ್ನೂರ ಹನ್ನೆರಡು ಹಸಿರು ದೀಪ, ಸರಾಸರಿ ಹದಿಮೂರು.

“ಇಡೀ ರಾಜ್ಯದಲ್ಲಿ ಇಷ್ಟು ನೆಮ್ಮದಿಯ ಮಕ್ಕಳನ್ನು ನಾನು ನೋಡಿಲ್ಲ,” ಎಂದು ನಿರ್ದೇಶಕಿ ಮೈಕಿನಲ್ಲಿ ಹೇಳಿದರು. ಇನಾಮದಾರ ಮಾತ್ರ ಹಣೆ ಗಂಟಿಕ್ಕಿ ಪರದೆಯನ್ನೇ ನೋಡುತ್ತಿದ್ದ. ಎಲ್ಲ ದೀಪಗಳೂ ಒಂದೇ ತೆರನಾಗಿ ಮಿನುಗುತ್ತಿದ್ದವು. ಫಲಕವನ್ನು ಶಾಲೆಯ ಪರವಾಗಿ ಅತ್ಯಂತ ಪ್ರಶಾಂತ ವಿದ್ಯಾರ್ಥಿ ಸ್ವೀಕರಿಸುವುದು ಯೋಜನೆಯ ಪದ್ಧತಿಯಂತೆ. ವರ್ಷದ ದಾಖಲೆ ನೋಡಿ ಯಂತ್ರ ಹೆಸರು ಆರಿಸಿತು. ಶಾಕಂಬರಿ ಪರಪ್ಪ ಬಾರಕೇರ.

ಇದನ್ನು ನಾವು ಯಾರೂ ಎಣಿಸಿರಲಿಲ್ಲ. ನಾನು ಎದ್ದು ಅವಳ ಹತ್ತಿರ ಹೋದೆ. “ಬ್ಯಾಡಂದ್ರ ಹೋಗಬ್ಯಾಡವಾ. ನಾ ಮಾತಾಡ್ತೀನಿ.”

“ಹೋಗ್ತೀನ್ರಿ,” ಎಂದಳು.

ನಿರ್ದೇಶಕಿ ಬಂಗಾರದ ಬಣ್ಣದ ಒಂದು ಪಟ್ಟಿ ಕಟ್ಟಲು ಅವಳ ಕೈ ಹಿಡಿದು ತೋಳು ಸರಿಸಿದರು. “ನಿನ್ನ ಪಟ್ಟಿ ಎಲ್ಲಮ್ಮ?”

“ನಮ್ಮನಿ ಮೂರನೇ ಮಗ್ಗಕ್ಕ ಐತ್ರಿ.”

ಮೈಕು ಹತ್ತಿರವೇ ಇತ್ತು. ಮಕ್ಕಳೆಲ್ಲ ಒಟ್ಟಿಗೆ ತೋಳು ಮಡಚಿ ಕೈ ಮೇಲೆತ್ತಿದರು. ಆರುನೂರು ಚಿಲ್ಲರೆ ಬರಿ ಕೈ. ಪರದೆಯ ಮೇಲೆ ದೀಪಗಳು ಹಾಗೆಯೇ ಹಸಿರಾಗಿದ್ದವು.

“ನಾ ಪ್ರಶಾಂತ ಇಲ್ರಿ,” ಎಂದಳು ಶಾಕಂಬರಿ. “ನಮ್ಮವ್ವ ಸತ್ತು ಹನ್ನೊಂದು ತಿಂಗಳಾತ್ರಿ. ನನಗ ಊಟ ಸೇರಂಗಿಲ್ಲ. ನಿಮ್ಮ ಯಂತ್ರಕ್ಕ ನಮ್ಮ ಮಗ್ಗ ಆರಾಮ ಐತಿ ಅಂತ ಗೊತ್ತೈತಿ. ಮಗ್ಗಕ್ಕ ಫಲಕ ಕೊಡ್ರಿ.”

ಹಿಂದೆ ನಿಂತಿದ್ದ ಪರಪ್ಪ ಫೋನು ಕಿವಿಗೆ ಹಿಡಿದು ಒಂದೇ ಮಾತು ಹೇಳಿದ. ಮೊದಲು ಶಾಲೆಯ ಹಿಂದಿನ ಓಣಿ ನಿಂತಿತು, ಆಮೇಲೆ ಬಾವಿ ಓಣಿ, ಆಮೇಲೆ ಇಡೀ ಪೇಟೆ. ಕೆಲಸದ ದಿನ, ನಡುಮಧ್ಯಾಹ್ನ, ಬನದಕಟ್ಟಿ ಮೌನವಾಯಿತು. ಬಿಸಿ ಇದೆ, ಮಿಡಿತ ಇಲ್ಲ ಎಂದು ಪಟ್ಟಿಗಳಿಗೆ ದಿಕ್ಕು ತೋಚದೆ ಪರದೆಯ ಮುನ್ನೂರ ಹನ್ನೆರಡು ದೀಪಗಳೂ ಕೆಂಪಾದವು.

ನಿರ್ದೇಶಕಿಯ ಮುಖವೂ ಕೆಂಪಾಯಿತು. “ಇದು ಸರ್ಕಾರಿ ಉಪಕರಣದ ದುರ್ಬಳಕೆ. ನಿಮ್ಮ ಮೇಲೆ ಕ್ರಮ ಆಗುತ್ತೆ.”

“ಆಗಲಿ. ಹೆಸರು ಸರಿಯಾಗಿ ಬರ್ಕೊಳ್ರಿ, ಪ್ರಮೀಳಾ ಗೊಂಬಿ.”

ಇನಾಮದಾರ ಅಡ್ಡ ಬಂದ. ನನ್ನ ಕಡೆ ನೋಡದೆ ನಿರ್ದೇಶಕಿಗೆ ಮೆಲ್ಲಗೆ ಹೇಳಿದ, “ಮೇಡಂ, ತಪ್ಪು ನಮ್ಮದ ಅದ. ಇವರು ಹೋದ ವಾರನ ಬಂದು ಹೇಳಿದ್ರು. ನಾ ಕೇಳಲಿಲ್ಲ.”

ನಿರ್ದೇಶಕಿ ನೀರು ಕುಡಿದರು. ತಣ್ಣಗಾಗಿ ಒಂದು ದಾರಿ ಹೇಳಿದರು. ಮೂರು ದಿನ ಮಗ್ಗ ನಿಲ್ಲಿಸಿ ಮಕ್ಕಳು ಪಟ್ಟಿ ಕಟ್ಟಿಕೊಳ್ಳಲಿ, ಸರಾಸರಿ ಐವತ್ತು ದಾಟಿದರೆ ಹುದ್ದೆ ಉಳಿಸೋಣ. ಹಿಂದಿನ ಸಾಲಿನಲ್ಲಿ ಕೆಲವರು ತಲೆಯಾಡಿಸಿದರು. ಒಪ್ಪಿಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ ಕೇಳಬೇಕಲ್ಲ.

“ಐವತ್ತು ಬರಲಿಲ್ಲ ಅಂದ್ರ? ನಲವತ್ತೊಂಬತ್ತು ಬಂದ್ರ ಹುಡುಗರು ಇನ್ನೊಂದೀಟು ಅಳಬೇಕೇನು? ನಾ ನೆಟ್ಟಗ ಕೆಲಸಾ ಮಾಡಿ ಮಕ್ಕಳು ನಗಾಕ ಹತ್ತಿದ್ರ ಮುಂದಿನ ವರ್ಷ ಮತ್ತ ಫಲಕ ತರ್ತೀರಿ. ಗಣಿತದ ಮಾಸ್ತರನ್ನ ಕಳಸೂ ಮುಂದ ಹುಡುಗರಿಗೆ ಗಣಿತ ಎಷ್ಟು ಬರಂಗಿಲ್ಲ ಅಂತ ಅಳೀತೀರೇನು? ಇಲ್ಲಿ ಮಕ್ಕಳದಾರ, ಅದಕ್ಕ ಮಾಸ್ತರ ಅದಾರ. ಈ ಕ್ವಾಣಿನೂ ಅದಕ್ಕ ಬೇಕು. ಪಟ್ಟಿ ಕಟ್ಟಂಗಿಲ್ಲ.”

“ಅನುದಾನಕ್ಕೆ ಆಧಾರ ಬೇಕಲ್ಲ,” ಎಂದರು ನಿರ್ದೇಶಕಿ.

ಪರಪ್ಪ ಮುಂದೆ ಬಂದು ಮಗಳ ಪಕ್ಕ ನಿಂತ. “ಆಧಾರ ಇಲ್ಲೇ ನಿಂತೈತ್ರಿ. ಆದೇಶ ಬರೂತನಾ ಊರಾಗ ಮಗ್ಗ ಹತ್ತಂಗಿಲ್ಲ. ನಮಗೂ ಇಷ್ಟು ದಿನಾ ಹುಡುಗರ ಮಾತು ಕೇಳಿದ್ದಿಲ್ಲ, ಈಗ ಕೇಳಾಕತ್ತೈತಿ.”

ಫಲಕವನ್ನು ಕಾರಿನಲ್ಲಿ ವಾಪಸು ಒಯ್ದರು.

ನಾಲ್ಕು ದಿನ ಬನದಕಟ್ಟಿಯಲ್ಲಿ ಮಗ್ಗ ನಡೆಯಲಿಲ್ಲ. ಸೀರೆ ಕೊಳ್ಳುವ ಸಾಹುಕಾರರು ಬಂದು ಬೈದರು, ಓಣಿಯವರು ಚಹಾ ಕುಡಿಸಿ ಕಳಿಸಿದರು. ಆ ನಾಲ್ಕು ದಿನ ನನ್ನ ಕೋಣೆಯಲ್ಲಿ ಜಾಗ ಸಾಲದೆ ರಾಟೆಯನ್ನು ಬೇವಿನ ಮರದ ಕೆಳಗೆ ಹಾಕಿದೆ. ಮಕ್ಕಳಷ್ಟೇ ಅಲ್ಲ, ತಾಯಂದಿರೂ ಬಂದರು. ತಮ್ಮ ಮನೆಯಿಂದ ಇನ್ನೂ ಐದು ರಾಟೆ ತಂದರು. ಇನಾಮದಾರ ತಾನಾಗಿಯೇ ಎರಡು ವರ್ಷದ ಅಮಾವಾಸ್ಯೆಯ ಅಂಕಗಳನ್ನೆಲ್ಲ ಮರಳಿ ಸೇರಿಸಿ ಮೇಲಿನವರಿಗೆ ವರದಿ ಕಳಿಸಿದನಂತೆ. ನನ್ನ ಮೇಲೆ ನೋಟೀಸು ಬಂತು, ಉತ್ತರ ಬರೆದಿದ್ದೇನೆ, ಆರು ಪುಟ.

ಶುಕ್ರವಾರ ಆದೇಶ ಬಂತು. ಹುದ್ದೆ ಮುಂದುವರಿಕೆ. ಅಂಕದ ಷರತ್ತು ಈ ಶಾಲೆಗೆ ಇಲ್ಲ. ಆದರೆ ಒಂದು ವರ್ಷಕ್ಕೆ ಮಾತ್ರ, ಅಷ್ಟರೊಳಗೆ ಸುಧಾರಿತ ಪಟ್ಟಿ ಬರುತ್ತದೆ ಎಂದಿತ್ತು. ಬರಲಿ. ಮುಂದಿನ ವರ್ಷ ಮತ್ತೆ ಜಗಳ ಆಡಿದರಾಯಿತು, ನನಗೇನು ದಣಿವಿಲ್ಲ. ಸುಧಾರಿತ ಪಟ್ಟಿಯ ಪೆಟ್ಟಿಗೆ ತಿಂಗಳೊಳಗೇ ಬಂತು. ಅದನ್ನು ಯಾರೂ ಒಡೆದಿಲ್ಲ. ಒಳ್ಳೆ ಗಟ್ಟಿ ರಟ್ಟು, ರಾಟೆಯ ಮುಂದೆ ಕೂರಲು ಮಣೆಯ ಎತ್ತರಕ್ಕೆ ಸರಿಯಾಗಿದೆ.

ಆದೇಶ ಬಂದ ಮರುದಿನ ಶನಿವಾರ, ಮಗ್ಗಗಳು ಮತ್ತೆ ಶುರುವಾದವು. ಊಟದ ಬಿಡುವಿನಲ್ಲಿ ಶಾಕಂಬರಿ ಬಂದಳು. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನಗೆ ಕೊಟ್ಟು ಅರ್ಧ ತಾನು ತಿಂದಳು. ಆಮೇಲೆ ಕೈ ತೊಳೆದು ರಾಟೆಯ ಮುಂದೆ ಕೂತು ಏನೋ ಹೇಳಲು ಶುರು ಮಾಡಿದಳು. ಹಿಂದಿನ ಓಣಿಯ ಸಪ್ಪಳದಲ್ಲಿ ‘ಅವ್ವ’ ಎಂಬ ಮಾತು ಬಿಟ್ಟು ಬೇರೇನೂ ನನಗೆ ಕೇಳಲಿಲ್ಲ.

“ಜೋರಾಗಿ ಹೇಳವಾ,” ಎಂದೆ. “ಮಗ್ಗ ನಡದಾವ.”

ಅವಳು ನೂಲು ಬಿಡದೆ ತಲೆ ಎತ್ತಿ, ಇಡೀ ಶಾಲೆಗೆ ಕೇಳುವಷ್ಟು ಜೋರಾಗಿ, ಮೊದಲಿನಿಂದ ಹೇಳಿದಳು.